ತಡೆಯಾಜ್ಞೆಗೆ ಹಲಗೆ ಬಾರಿಸಿದವರು

ತಡೆಯಾಜ್ಞೆ ಎಂದರೇನೆಂದು ತಿಳಿಯದೆ ಅದಕ್ಕೆ ಹಲಗೆ ಬಾರಿಸಿ ಕುಣಿದ ಜನರನ್ನು ನಾನು ಮೊದಲ ಸಲ ನೋಡಿದ್ದು ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ, ಬೇವಿನ ಮರದ ಕೆಳಗೆ. ಎಲ್ಲರೂ ನೀಲಿ ಅಂಗಿಯವರು, ರಾಯಚೂರಿನ ಫುಟ್‌ಬಾಲ್ ತಂಡದ ಅಭಿಮಾನಿಗಳು. ತಂಡಕ್ಕೆ ಲೀಗ್ ವಿಧಿಸಿದ್ದ ದಂಡನೆಯನ್ನು ನ್ಯಾಯಾಧೀಶರು ಮುಂದಿನ ವಿಚಾರಣೆಯವರೆಗೆ ತಡೆಹಿಡಿದಿದ್ದರು, ಅಷ್ಟೇ. ಎದುರು ಪಕ್ಷದ ಮಾತನ್ನು ಇನ್ನೂ ಯಾರೂ ಕೇಳಿರಲಿಲ್ಲ. ಅವರು ಮಾತ್ರ ಗುಲಾಲು ಎರಚಿಕೊಂಡು ಸಂಭ್ರಮಿಸುತ್ತಿದ್ದರು. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಅವರ ಮುಖಂಡ ನನ್ನ ಕಪ್ಪು ಕೋಟು ಕಂಡು ಪೇಢೆಯ ಡಬ್ಬಿ ಹಿಡಿದು ಬಂದ.

"ತಗೋರಿ ಮೇಡಂ. ನಮ್ಮ ಟೀಮು ಹೈಕೋರ್ಟಿನಾಗ ಗೆದ್ದದ."

"ಇದು ಹೈಕೋರ್ಟ್ ಅಲ್ರೀ. ಇನ್ನ ಯಾರೂ ಗೆದ್ದಿಲ್ಲ."

"ಯಾವ್ದಾದ್ರೇನ್ರೀ? ಕೋರ್ಟ್ ಅಂದ್ರ ಕೋರ್ಟು. ತಗೋರಿ, ತಗೋರಿ."

ಪೇಢೆ ಚೆನ್ನಾಗಿತ್ತು. ಆ ಇಡೀ ಪ್ರಕರಣದಲ್ಲಿ ಅಭಿಮಾನಿಗಳಿಂದ ನನಗೆ ದಕ್ಕಿದ ಒಳ್ಳೆಯ ವಸ್ತು ಅದೊಂದೇ.

ಅದೇ ಮಧ್ಯಾಹ್ನ ಲೀಗಿನ ಕಾರ್ಯದರ್ಶಿ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಮಾನ್ವಿಯ ನಿವೃತ್ತ ಚಿತ್ರಕಲಾ ಮೇಷ್ಟ್ರು, ತೆಳ್ಳಗಿನ ಮನುಷ್ಯ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದನ್ನು ಇನ್ನೊಬ್ಬರ ಕೈಗೆ ಕೊಡದವರು. ನಗರದ ಹಿರಿಯ ವಕೀಲರ ಬಾಗಿಲುಗಳನ್ನೆಲ್ಲ ತಟ್ಟಿ ಬಂದಿದ್ದರು. ಎದುರಾಳಿ ಕ್ಲಬ್ಬಿನ ಪೋಷಕ ಒಬ್ಬ ಅಕ್ಕಿ ಗಿರಣಿಯ ಮಾಲೀಕ. ಆ ಹಿರಿಯರಲ್ಲಿ ಬಹುತೇಕರಿಗೆ ಅವನು ಕಕ್ಷಿದಾರ, ಉಳಿದವರಿಗೆ ಬೀಗ. ಹೀಗಾಗಿ ಪ್ರಕರಣ ಉರುಳುತ್ತ ನನ್ನ ತನಕ ಬಂದಿತ್ತು. ನಾನು ಅಂದಿನವರೆಗೆ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ.

ಲೀಗ್ ಎಂದರೆ ದೊಡ್ಡದೇನಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಮತ್ತು ಸುತ್ತಲಿನ ಕೆಲವು ಊರುಗಳ ತಂಡಗಳು ಸುಗ್ಗಿ ಮುಗಿದ ಮೇಲೆ ಆಡುವ ಪಂದ್ಯಾವಳಿ. ಅದಕ್ಕೊಂದು ಹಣಕಾಸಿನ ನಿಯಮವಿತ್ತು. ಯಾವ ಕ್ಲಬ್ಬೂ ತನ್ನ ಸದಸ್ಯರ ಚಂದಾ, ಟಿಕೆಟ್ಟು ಮತ್ತು ಅಂಗಡಿಗಳ ಜಾಹೀರಾತಿನಿಂದ ಬಂದದ್ದಕ್ಕಿಂತ ಹೆಚ್ಚು ಹಣವನ್ನು ಆಟಗಾರರ ಮೇಲೆ ಖರ್ಚು ಮಾಡುವಂತಿಲ್ಲ. ಒಬ್ಬ ಧಣಿ ತನ್ನ ಜೇಬಿನಿಂದ ತಂದು ಸುರಿಯುವಂತಿಲ್ಲ, ಬೇರೆ ದಾರಿಯಿಂದ ಆಟಗಾರರಿಗೆ ಸಂಬಳ ಕೊಡಿಸುವಂತೆಯೂ ಇಲ್ಲ.

"ಚಂದ್ರಬಂಡದ ಟೀಮು ಹಾಳಾಗಿದ್ದು ನೋಡಿ ನಾನೇ ಬರದದ್ದ್ರೀ ಇದು," ಎಂದರು ಕಾರ್ಯದರ್ಶಿ. "ಒಬ್ಬ ದೊಡ್ಡ ಮನಶ್ಯಾ ಬಂದ, ದೂರದಿಂದ ಆಟಗಾರ್ರನ್ನ ತಂದ, ಊರ ಹುಡುಗರನ್ನ ಬೆಂಚಿಗೆ ಕುಂದ್ರಿಸಿದ. ಇಲೆಕ್ಷನ್ ಸೋತಕೂಡ್ಲೆ ಕೈ ಬಿಟ್ಟ. ಈಗ ಅಲ್ಲಿ ಗೋಲ್‌ಕಂಬಕ್ಕ ಎಮ್ಮಿ ಕಟ್ತಾರ."

ರಾಯಚೂರಿನ ಧಣಿ, ಆ ಗಿರಣಿ ಮಾಲೀಕ, ಈ ವರ್ಷ ಬೇರೆ ರಾಜ್ಯಗಳಿಂದ ಮೂವರು ಮುಂಚೂಣಿಯ ಆಟಗಾರರನ್ನು ಕರೆಸಿ ತನ್ನ ಅತಿಥಿಗೃಹದಲ್ಲಿ ಇರಿಸಿದ್ದ. ಲೀಗ್ ವಿಚಾರಿಸಿ ಆ ತಂಡದ ಅಂಕಗಳನ್ನು ಕತ್ತರಿಸಿತು. ಕ್ಲಬ್ ಸಿವಿಲ್ ದಾವೆ ಹೂಡಿತು. ಅವರ ವಾದದಲ್ಲಿ ಎರಡೇ ಅಂಶ. ಒಂದು, ಈ ನಿಯಮವನ್ನು ಸಂಘಗಳ ನೋಂದಣಾಧಿಕಾರಿಯ ಬಳಿ ನೋಂದಾಯಿಸಿಲ್ಲ, ಆದ್ದರಿಂದ ಅದು ನಿಯಮವೇ ಅಲ್ಲ. ಎರಡು, ಅದನ್ನು ತಮ್ಮೊಬ್ಬರ ಮೇಲಷ್ಟೇ ಪ್ರಯೋಗಿಸಲಾಗಿದೆ.

ಮೊದಲ ವಿಚಾರಣೆಯಲ್ಲೇ ಮುಗ್ಗರಿಸಿದೆವು. ಲೀಗಿನ ಪರವಾಗಿ ವಕಾಲತ್ತಿಗೆ ಸಹಿ ಹಾಕಲು ಕಾರ್ಯದರ್ಶಿಗೆ ಅಧಿಕಾರ ಕೊಡುವ ಕಾರ್ಯಕಾರಿ ಸಮಿತಿಯ ಠರಾವು ಎಲ್ಲಿ ಎಂದು ಎದುರಾಳಿ ಹಿರಿಯ ವಕೀಲರು ಕೇಳಿದರು. ಠರಾವು ಇರಲಿಲ್ಲ. ಸಮಿತಿಯವರು ಮೈದಾನದಲ್ಲಿ ನಿಂತೇ "ಹೂಂ, ಹೂಂ" ಎಂದಿದ್ದರಂತೆ. ನ್ಯಾಯಾಧೀಶರು ದೋಷ ಸರಿಪಡಿಸಿಕೊಂಡು ಬನ್ನಿ ಎಂದು ದಿನಾಂಕ ಕೊಟ್ಟರು, ತಡೆಯಾಜ್ಞೆ ಮುಂದುವರಿಯಿತು. ಹೊರಗೆ ಬಂದರೆ ಮತ್ತೆ ಹಲಗೆ. ದಿನಾಂಕ ಮುಂದೆ ಹೋದದ್ದಕ್ಕೂ ಕುಣಿಯುವ ಜನರನ್ನು ಏನೆನ್ನಬೇಕು?

ಅಲ್ಲಿಂದಾಚೆ ಮೂರು ಊರುಗಳ ಚಹಾದಂಗಡಿಗಳೆಲ್ಲ ನ್ಯಾಯಪೀಠಗಳಾದವು. ನಿನ್ನೆಯವರೆಗೆ ಕಾರ್ನರ್ ಕಿಕ್ಕಿಗೂ ಪೆನಾಲ್ಟಿಗೂ ಜಗಳವಾಡುತ್ತಿದ್ದವರು ಈಗ ಅಧಿಕಾರ ವ್ಯಾಪ್ತಿಯ ಬಗ್ಗೆ ಮಾತಾಡುತ್ತಿದ್ದರು. ತಡೆಯಾಜ್ಞೆಯ ನೆರಳಲ್ಲಿ ಆ ಮೂವರೂ ಆಡಿದರು, ಚೆನ್ನಾಗಿಯೇ ಆಡಿದರು. ಅವರು ಗೋಲು ಹೊಡೆದಾಗ ಮಾನ್ವಿಯ ಕಡೆಯವರು ರೆಫರಿಗೆ ಮುತ್ತಿಗೆ ಹಾಕಿ, "ಆ ಗೋಲು ಕೋರ್ಟಿನಾಗ ಅದ, ನೀ ಹೆಂಗ ಕೊಡ್ತಿ?" ಎಂದು ಕೂಗಾಡಿದರು. ದೇವದುರ್ಗದವರು ಕಾನೂನನ್ನೇ ಬೈದರು. ಕೋರ್ಟು, ನಿಯಮ ಎಲ್ಲ ದುಡ್ಡಿದ್ದವರ ಆಟ, ಮೈದಾನದಲ್ಲಿ ಕಾಲು ಮುರಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ನ್ಯಾಯಶಾಸ್ತ್ರ.

ನನ್ನ ಫೋನಿಗೂ ಧ್ವನಿಸಂದೇಶಗಳು ಬರತೊಡಗಿದವು. ಹೆಣ್ಣುಮಗಳಿಗೆ ಆಫ್‌ಸೈಡ್ ಗೊತ್ತೇನು ಎಂಬುದು ಹೆಚ್ಚಿನವರ ಪ್ರಶ್ನೆ. ಗೊತ್ತಿರಲಿಲ್ಲ, ನಿಜ. ಪ್ರಕರಣದಲ್ಲಿ ಆಫ್‌ಸೈಡ್ ಎಂಬುದು ಇರಲೂ ಇಲ್ಲ. ಒಂದು ವಿಚಾರಣೆಯ ದಿನ ನೀಲಿ ಅಂಗಿಯವನೊಬ್ಬ ಕೋರ್ಟ್ ಹಾಲಿನೊಳಗೆ ಸೀಟಿ ಊದಿದ. ಬೆಂಚ್ ಕ್ಲರ್ಕ್ ಸೀಟಿ ಕಿತ್ತುಕೊಂಡರು, ನ್ಯಾಯಾಧೀಶರು ಎಲ್ಲರನ್ನೂ ಹೊರಗೆ ಹಾಕಿಸಿದರು. ಅದನ್ನು ಅವರು ತಮ್ಮ ಗುಂಪಿನಲ್ಲಿ "ನ್ಯಾಯಾಂಗದ ದಬ್ಬಾಳಿಕೆ" ಎಂದು ಬರೆದುಕೊಂಡರಂತೆ.

ಮಾನ್ವಿಯವರ ಭಕ್ತಿ ಈ ಬೈಗುಳಕ್ಕಿಂತ ಕಡೆ. ಅವರ ಹಸಿರು ಬಳಗದ ಮುಖಂಡ ಗೊಬ್ಬರದ ಅಂಗಡಿಯವನು. ಠರಾವು ಬರೆಸಲು ನಾನು ಮಾನ್ವಿಗೆ ಹೋದ ದಿನ ಶಾಲು ಹೊದಿಸಿ ಭಾಷಣ ಮಾಡಿದ. "ದುಡ್ಡು ಆಟಾನ ನುಂಗಬಾರ್ದು. ಮೇಡಮ್ಮೋರು ಅಂದ್ರ ನಮಗ ಸಾಕ್ಷಾತ್ ಸರಸ್ವತಿ!" ಶಾಲಿನ ಬೆಲೆಚೀಟಿಯನ್ನು ಕೀಳಲು ಮರೆತಿದ್ದರು, ಅದು ನನ್ನ ಕುತ್ತಿಗೆಗೆ ಚುಚ್ಚುತ್ತಿತ್ತು.

ನಿಯಮ ನೋಂದಣಿಯಾಗಿಲ್ಲ ಎಂಬ ಮೊದಲ ವಾದಕ್ಕೆ ಉತ್ತರ ಸಿಕ್ಕಿತು. ಅದು ಸಂಘದ ಉಪನಿಯಮವಲ್ಲ, ಪಂದ್ಯಾವಳಿಯ ಷರತ್ತು. ಪ್ರತಿ ಕ್ಲಬ್ಬೂ ಪ್ರತಿ ವರ್ಷ ಪ್ರವೇಶ ಕೋರುವಾಗ ಈ ಷರತ್ತನ್ನು ಒಪ್ಪಿ ಸಹಿ ಹಾಕುತ್ತದೆ. ಗಿರಣಿ ಮಾಲೀಕನ ಕ್ಲಬ್ಬೂ ಹಾಕಿತ್ತು. ಸಹಿ ಹಾಕಿ ಆಟಕ್ಕಿಳಿದು, ದಂಡ ಬಿದ್ದಮೇಲೆ ನೋಂದಣಿ ಕೇಳುವುದು ನಡೆಯದು. ಎರಡನೆಯದಕ್ಕೆ, ನಿಯಮವನ್ನು ಎಲ್ಲ ಕ್ಲಬ್ಬುಗಳಿಗೂ ಸಮನಾಗಿ ಅನ್ವಯಿಸಿದ್ದೇವೆಂದು ಕಾರ್ಯದರ್ಶಿಯ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಬೇಕಿತ್ತು. ಜೊತೆಗೆ, ಈ ನಿಯಮದಿಂದಲೇ ಸಣ್ಣ ಊರಿನ ತಂಡಗಳು ಉಳಿದಿವೆ ಎಂದು ಹೇಳುವ ಒಬ್ಬ ಆಟಗಾರನ ಪ್ರಮಾಣಪತ್ರವೂ ಇದ್ದರೆ ಒಳ್ಳೆಯದು ಅನಿಸಿತು. ಮಾನ್ವಿ ತಂಡದ ಗೋಲಿಯ, ಅಂದರೆ ಗೋಲ್‌ಕೀಪರನ, ಹೆಸರು ಬಂತು. ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆಯವನು.

ನಾನು ಹೋದಾಗ ಅವನು ದೊಡ್ಡಿಯಲ್ಲಿ ಒಂದು ಕುರಿಯ ಗೊರಸು ಹಿಡಿದು ಮುಳ್ಳು ತೆಗೆಯುತ್ತಿದ್ದ. ಇಪ್ಪತ್ತೈದರ ಆಸುಪಾಸಿನ ಎತ್ತರದ ಆಳು. ಅವನ ತಾಯಿ "ಬಾ ಯವ್ವಾ, ಕುಂದ್ರು" ಎಂದು ಮಜ್ಜಿಗೆ ಕೊಟ್ಟಳು. ನಾನು ಬಂದ ಕಾರಣ ವಿವರಿಸಿ, ಬರೆದುಕೊಳ್ಳಲು ಕುಳಿತೆ.

"ಉದ್ಯೋಗ ಏನಂತ ಬರೀಲಿ? ಕುರಿ ಸಾಕಣೆ?"

"ಕುರಿ ಅಪ್ಪಂದ್ರೀ. ನಾ ಹತ್ತಿ ಜಿನ್ನಿಂಗ್ ಮಿಲ್ಲಿನಾಗ ವಾಚ್‌ಮನ್."

"ಯಾವ ಮಿಲ್ಲು?"

"ಮಾನ್ವಿದು. ಅರಳಿ ಸಾವ್ಕಾರ್ರದು."

"ರಾತ್ರಿ ಪಾಳಿನೋ, ಹಗಲೋ?"

ಅವನು ನಕ್ಕ. "ಯಾವ ಪಾಳೀನೂ ಇಲ್ರೀ. ಮಿಲ್ಲು ಎಲ್ಲಿ ಅದ ಅಂತ ಇನ್ನಾ ನೋಡಿಲ್ಲ. ಟೀಮಿನ ಹನ್ನೊಂದೂ ಮಂದಿ ಅಲ್ಲೇ ಅದೀವಿ. ಒಬ್ಬಾಂವ ತೂಕದವ, ಒಬ್ಬಾಂವ ಡ್ರೈವರು. ನಾ ಗೋಲಿ ಅಲ್ರೀ, ಅದಕ್ಕ ಗೇಟಿಗೆ ಹಾಕ್ಯಾರ."

ನಾನು ಪೆನ್ನು ಕೆಳಗಿಟ್ಟೆ. ಅವನ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. ಅದು ಮುಚ್ಚಿಡಬೇಕಾದ ಸಂಗತಿ ಎಂದು ಅವನಿಗೆ ಯಾರೂ ಹೇಳಿರಲೇ ಇಲ್ಲ.

"ಇದು ಮಾನ್ವ್ಯಾಗ ಯಾರ್‌ಯಾರಿಗೆ ಗೊತ್ತದ?"

"ಎಲ್ಲಾರಿಗೂ ಗೊತ್ತದ್ರೀ. ಸಾವ್ಕಾರ್ರನ್ನ ಒಪ್ಪಿಸಿದಾಂವನ ಗೊಬ್ಬರದ ಅಂಗಡಿಯಾಂವ."

ಬಸ್ಸಿನಲ್ಲಿ ಮಾನ್ವಿಗೆ ಮರಳುವಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಗಿತ್ತು. ರಾಯಚೂರಿನವರು ಬಾಗಿಲು ತೆರೆದಿಟ್ಟು ಮಾಡಿದ್ದನ್ನು ಇವರು ಹಿತ್ತಲಲ್ಲಿ ಮಾಡಿ, ಮುಂದಿನ ಜಗಲಿಯಲ್ಲಿ ಕೂತು ನೀತಿ ಹೇಳುತ್ತಿದ್ದರು. ಕಾರ್ಯದರ್ಶಿ ಬಸ್ ನಿಲ್ದಾಣದಲ್ಲಿ ಕಾದಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ನಿಮಗ ಗೊತ್ತಿತ್ತಲ್ರೀ ಮಾಸ್ತರ?"

ಅವರು ಚಪ್ಪಲಿಯಿಂದ ನೆಲ ಕೆರೆದರು. "ಗಾಳಿಮಾತು ಕೇಳಿದ್ದೆ. ಕೇಳಿದ್ದು ಖರೇ ಅದನೋ ಏನೋ ಅಂತ ವಿಚಾರಿಸಲಿಲ್ಲ. ನಮ್ಮೂರ ಟೀಮು ನೋಡ್ರಿ..."

"ಸಮನಾಗಿ ಅನ್ವಯಿಸೀವಿ ಅಂತ ನೀವು ಪ್ರಮಾಣ ಮಾಡೋದದ. ಹೆಂಗ ಮಾಡ್ತೀರಿ?"

"ಆ ಮಾತು ಬಿಟ್ಟು ಬರೀಲಿಕ್ಕೆ ಬರಂಗಿಲ್ಲೇನ್ರೀ?"

ಬಿಟ್ಟು ಬರೆಯಬಹುದಿತ್ತು. ಕಾನೂನಿನ ಭಾಷೆ ಅಂಥ ಕೆಲಸಕ್ಕೆ ಬಹಳ ಅನುಕೂಲ. "ಲಭ್ಯ ಮಾಹಿತಿಯ ಮೇರೆಗೆ" ಎಂದು ಒಂದು ಬಾಲ ಸೇರಿಸಿದರೆ ಎಂಥ ಸುಳ್ಳೂ ಸಭ್ಯವಾಗಿ ಎದ್ದು ನಿಲ್ಲುತ್ತದೆ. ಎದುರಾಳಿ ವಕೀಲರಿಗೆ ಇದು ಗೊತ್ತಿರಲಿಲ್ಲ. ಮಾನ್ವಿಯ ಆ ಮಾತು ರಾಯಚೂರಿನ ಕೋರ್ಟಿನವರೆಗೆ ಬಂದಿರಲಿಲ್ಲ. ಆದರೆ ನ್ಯಾಯಪೀಠದ ಮುಂದೆ ನಿಂತು "ಎಲ್ಲರಿಗೂ ಒಂದೇ ನಿಯಮ" ಎಂದು ಹೇಳಬೇಕಾದವಳು ನಾನು. ಆ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ.

"ಎರಡ ದಾರಿ ಅವ," ಎಂದೆ. "ಮಾನ್ವಿ ಕ್ಲಬ್ಬಿಗೂ ನೋಟೀಸು ಕೊಡ್ರಿ, ಕೊಟ್ಟೀವಿ ಅಂತ ಪ್ರಮಾಣಪತ್ರದಾಗ ಬರೀತೀನಿ. ಇಲ್ಲಾಂದ್ರ ಬ್ಯಾರೆ ವಕೀಲರನ್ನ ನೋಡ್ರಿ."

ಮಾರನೆಯ ರವಿವಾರ ಶಾಲೆಯ ಕೋಣೆಯೊಂದರಲ್ಲಿ ಲೀಗ್ ಸಮಿತಿ ಸೇರಿತು. ಕರೆಯದಿದ್ದರೂ ಹಸಿರು ಬಳಗ ಬಂದು ಕಿಟಕಿಗಳಿಗೆ ಜೋತುಬಿತ್ತು. ನಾನು ವಿಷಯ ಹೇಳಿದೆ. ಗೊಬ್ಬರದ ಅಂಗಡಿಯವನು ಒಂದು ಕ್ಷಣವೂ ತಡವರಿಸಲಿಲ್ಲ.

"ಅದು ಬ್ಯಾರೆ, ಇದು ಬ್ಯಾರೆ ಮೇಡಂ. ಅವ್ರು ಹೊರಗಿನವ್ರನ್ನ ಖರೀದಿ ಮಾಡ್ಯಾರ. ನಮ್ಮವ್ರು ನಮ್ಮ ಹುಡುಗರಿಗೆ ಕೆಲಸ ಕೊಟ್ಟಾರ. ಸಮಾಜಸೇವಾ ಅದು."

"ಮಿಲ್ಲಿಗೆ ಒಂದಿನಾನೂ ಹೋಗದ ಕೆಲಸ?"

"ಅದು ಮಿಲ್ಲಿನವ್ರ ಒಳಗಿನ ಮಾತು. ನಿಮಗ್ಯಾಕ? ನಿಮ್ಮನ್ನ ಇಟ್ಟಿದ್ದು ನಮ್ಮ ಪರ ವಾದ ಮಾಡಾಕ."

"ನನ್ನನ್ನ ಇಟ್ಟದ್ದು ಲೀಗು. ನೀವಲ್ಲ."

ಕಿಟಕಿಯಿಂದ ಒಬ್ಬ ಕೂಗಿದ: "ಗಿರಣಿಯವ್ರು ಎಷ್ಟು ಕೊಟ್ರು ಮೇಡಂ?" ಉಳಿದವರು ನಕ್ಕರು. ಸರಸ್ವತಿಯ ಪಟ್ಟ ಇಳಿಯಲು ಐದು ನಿಮಿಷವೂ ಹಿಡಿಯಲಿಲ್ಲ.

ದೇವದುರ್ಗದ ಪ್ರತಿನಿಧಿ ಲೆಕ್ಕಾಚಾರದ ಕಣ್ಣಿನಿಂದ ಛಾವಣಿ ನೋಡುತ್ತಿದ್ದ. ಎರಡೂ ತಂಡಗಳ ಅಂಕ ಹೋದರೆ ಮೇಲೇರುವವರು ಯಾರೆಂದು ಅವನಿಗೆ ಹೊಳೆದಿತ್ತು. ಕೊನೆಗೆ ಎದ್ದವರು ಕಾರ್ಯದರ್ಶಿ. ಅವರ ದನಿ ಸಣ್ಣದು, ಕಿಟಕಿಯವರು ಬಾಯಿ ಮುಚ್ಚಿದರೆ ಮಾತ್ರ ಕೇಳುವಂಥದ್ದು.

"ನಿಯಮ ಬರದಾಂವ ನಾ. ನಮ್ಮೂರಿಗೆ ಅದು ಹತ್ತಂಗಿಲ್ಲ ಅಂತ ಎಲ್ಲೂ ಬರದಿಲ್ಲ. ನೋಟೀಸಿಗೆ ನಾ ಸಹಿ ಹಾಕ್ತೀನಿ." ಹಾಕಿದರು. ಹೊರಗೆ ಬಂದಾಗ ಅವರ ಸೈಕಲ್ಲಿನ ಎರಡೂ ಚಕ್ರಗಳ ಗಾಳಿ ತೆಗೆದಿದ್ದರು. ನಲವತ್ತು ವರ್ಷ ಅದೇ ಊರಿನ ಮಕ್ಕಳಿಗೆ ಚಿತ್ರ ಕಲಿಸಿದ ಮನುಷ್ಯ, ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಹೋದರು.

ಮುಂದಿನ ವಿಚಾರಣೆಯಲ್ಲಿ ಎದುರಾಳಿ ಹಿರಿಯರು, ತಮ್ಮ ಕ್ಲಬ್ಬನ್ನೊಂದೇ ಗುರಿ ಮಾಡಲಾಗಿದೆ ಎಂದು ದನಿ ಏರಿಸಿ ವಾದಿಸಿದರು. ನನ್ನ ಸರದಿ ಬಂದಾಗ ಪ್ರಮಾಣಪತ್ರದ ಆ ಭಾಗವನ್ನು ಓದಿದೆ. ಮಾನ್ವಿ ಕ್ಲಬ್ಬಿನ ಆಟಗಾರರಿಗೂ ಒಂದು ಕಾರ್ಖಾನೆಯ ಮೂಲಕ ಸಂಬಳ ಸಂದಾಯವಾಗುತ್ತಿರುವುದು ಈಚೆಗೆ ಲೀಗಿನ ಗಮನಕ್ಕೆ ಬಂದಿದೆ. ಅವರಿಗೂ ನೋಟೀಸು ಜಾರಿಯಾಗಿದೆ. ಮೊದಲೇ ವಿಚಾರಿಸದಿದ್ದುದು ಲೀಗಿನ ಲೋಪ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಇದನ್ನ ವಾದಿಗಳು ಹೇಳಿಲ್ಲ. ನೀವೇ ಯಾಕೆ ಹೇಳ್ತಾ ಇದೀರಿ?"

"ಹೇಳದಿದ್ದರೆ ಈ ಪ್ರಮಾಣಪತ್ರದಲ್ಲಿ ಒಂದು ವಾಕ್ಯ ಸುಳ್ಳಾಗುತ್ತಿತ್ತು, ಸ್ವಾಮಿ."

ಎದುರಾಳಿ ಹಿರಿಯರು ಎದ್ದು, ಇದು ತಪ್ಪೊಪ್ಪಿಗೆ ಎಂದರು. ನ್ಯಾಯಾಧೀಶರು, ತಪ್ಪು ತಿದ್ದಿಕೊಂಡವರನ್ನು ಪಕ್ಷಪಾತಿಗಳು ಎನ್ನುವುದು ಹೇಗೆ ಎಂದು ಕೇಳಿದರು. ಆದೇಶ ಸಣ್ಣದಿತ್ತು. ಷರತ್ತಿಗೆ ಸಹಿ ಹಾಕಿದ ಕ್ಲಬ್ ಮೇಲ್ನೋಟಕ್ಕೆ ಅದಕ್ಕೆ ಬದ್ಧ, ತಡೆಯಾಜ್ಞೆ ತೆರವು, ಲೀಗ್ ಎರಡೂ ಕ್ಲಬ್ಬುಗಳನ್ನು ಕೇಳಿ, ಇಬ್ಬರಿಗೂ ಒಂದೇ ಅಳತೆಗೋಲಿನಿಂದ ನಿರ್ಧರಿಸಬೇಕು. ಲೀಗ್ ಹಾಗೆಯೇ ಮಾಡಿತು. ಇಬ್ಬರ ಅಂಕಗಳೂ ಹೋದವು.

ಆಗ ನಡೆದದ್ದನ್ನು ನಾನು ಇಂದಿಗೂ ನಂಬಲಾರೆ. ಒಬ್ಬರನ್ನೊಬ್ಬರು ಕಂಡರೆ ಕಲ್ಲು ಹುಡುಕುತ್ತಿದ್ದ ನೀಲಿ ಮತ್ತು ಹಸಿರು ಅಂಗಿಯವರು ಒಂದೇ ಟೆಂಪೋದಲ್ಲಿ ಕೂತು ನಮ್ಮ ಮನೆಯ ಮುಂದೆ ಬಂದಿಳಿದರು. ಹೊತ್ತು ಇನ್ನೂ ಏರುತ್ತಿತ್ತು. ನನ್ನ ತಂದೆ ಪೂಜೆ ಮುಗಿಸಿ ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಗದ್ದಲ ಕಂಡರೆ ಇಡೀ ತರಗತಿಯನ್ನು ಕೂರಿಸುವ ಅಭ್ಯಾಸ ಅವರಿಗೆ ಹೋಗಿಲ್ಲ.

"ಬರ್ರಿ, ಕೂಡ್ರಿ. ಒಬ್ಬೊಬ್ಬರ ಮಾತಾಡ್ರಿ. ಏನಾಗ್ಯದ?"

"ನಿಮ್ಮ ಮಗಳು ಎರಡೂ ಊರಿನ ಮರ್ಯಾದಿ ಕಳದಾಳ್ರೀ!" ಎಂದ ಮೊಬೈಲ್ ಅಂಗಡಿಯವನು. ಗೊಬ್ಬರದ ಅಂಗಡಿಯವನು ಅವನ ಹೆಗಲ ಮೇಲೆ ಕೈಯಿಟ್ಟು, "ಬರೋಬ್ಬರಿ ಹೇಳಿದಿ" ಎಂದ.

"ಆರ್ಡರಿನಾಗ ಏನದ? ಯಾರರ ಓದೀರೇನು?"

ಯಾರೂ ಓದಿರಲಿಲ್ಲ. ನಾನು ಒಳಗಿಂದ ಆದೇಶದ ಪ್ರತಿ ತಂದು, ಕಟ್ಟೆಯ ಮೇಲೆ ನಿಂತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದೆ. ಇಬ್ಬರಿಗೂ ಒಂದೇ ಅಳತೆ ಎಂಬ ಸಾಲು ಮುಗಿದಿರಲಿಲ್ಲ, ಮೊಬೈಲ್ ಅಂಗಡಿಯವನು ಕೈ ಎತ್ತಿದ.

"ಓದಬ್ಯಾಡ್ರೀ ಮೇಡಂ. ಅದರಾಗ ಏನದ ಅಂತ ನಮಗ ಗೊತ್ತದ."

ಹಲಗೆ ಶುರುವಾಯಿತು. ನಾನು ಕಾಗದ ಮಡಚಿ ಒಳಗೆ ಹೋದೆ. ತಂದೆ ಸ್ವಲ್ಪ ಹೊತ್ತು ನೋಡಿ, "ಇವರಿಗೆ ನಪಾಸು ಅಂತ ಬರದ್ರೂ ಅದನ್ನ ಓದಂಗಿಲ್ಲವ್ವಾ" ಎಂದು ಬಾಗಿಲು ಹಾಕಿಕೊಂಡರು.

ಉಳಿದದ್ದು ಬೇಗ ಮುಗಿಯಿತು. ಗಿರಣಿ ಮಾಲೀಕ ಫುಟ್‌ಬಾಲಿನ ಉಸಾಬರಿ ಬಿಟ್ಟು ಕಬಡ್ಡಿಯ ಕಡೆ ತಿರುಗಿದ. ಮೂವರು ಆಟಗಾರರು ರೈಲು ಹತ್ತಿದರು. ಮಾಲೀಕನ ಭಾವಚಿತ್ರಕ್ಕೆ ಹಾಲೆರೆದವರೇ ಅದನ್ನು ಹರಿದರು. ದೇವದುರ್ಗ ಪಟ್ಟಿಯ ಮೇಲೇರಿತು. ಕಾನೂನೆಂದರೆ ದುಡ್ಡಿದ್ದವರ ಆಟ ಎಂದಿದ್ದವರು ಈಗ ಕಾನೂನೇ ದೇವರು ಎಂದು ಫಲಕ ಬರೆಸಿದರು. ಕೊನೆಯ ಪಂದ್ಯ ದೇವದುರ್ಗಕ್ಕೂ ಮಾನ್ವಿಗೂ. ಕಪ್ಪು ಗೆಲ್ಲಲು ದೇವದುರ್ಗ ಡ್ರಾ ಮಾಡಿಕೊಂಡರೂ ಸಾಕಿತ್ತು. ಹಸಿರು ಬಳಗ ಬಹಿಷ್ಕಾರ ಘೋಷಿಸಿತು: ಅಂಕ ಹಿಂದಿರುಗಿಸುವವರೆಗೆ ಮೈದಾನದೊಳಗೆ ಕಾಲಿಡುವುದಿಲ್ಲ.

ಆ ಪಂದ್ಯಕ್ಕೆ ಕಾರ್ಯದರ್ಶಿಯ ಒತ್ತಾಯಕ್ಕೆ ದೇವದುರ್ಗಕ್ಕೆ ಹೋದೆ. ಮೈದಾನದ ಗೋಡೆಯಾಚೆ, ಚಹಾದಂಗಡಿಯ ಬಳಿ, ಹಸಿರು ಅಂಗಿಗಳ ಗುಂಪು ಇತ್ತು. ಗೋಡೆಯ ಈಚೆ ನಡೆಯಲಿದ್ದ ಪಂದ್ಯವನ್ನು ನೇರಪ್ರಸಾರದಲ್ಲಿ ನೋಡಲು ಅವರು ಮೊಬೈಲುಗಳನ್ನು ಸಿದ್ಧ ಮಾಡಿಕೊಳ್ಳುತ್ತಿದ್ದರು. ಒಳಗೆ ಬಂದರೆ ಶಪಥ ಮುರಿಯುತ್ತದೆ. ಹೊರಗೆ ನಿಂತು ನೋಡಿದರೆ ಮುರಿಯುವುದಿಲ್ಲ.

ಮಾನ್ವಿಯ ಆಟಗಾರರು ಸಂಬಳವಿಲ್ಲದೆ ಬಂದಿದ್ದರು, ಕೆಲವರು ಬಂದೇ ಇರಲಿಲ್ಲ. ಗೋಲಿ ಬಂದಿದ್ದ. ದೇವದುರ್ಗದವರು ಮೇಲಿಂದ ಮೇಲೆ ನುಗ್ಗಿದರು. ಅವನು ನೆಲಕ್ಕೆ ಬಿದ್ದು ತಡೆದ, ಹಾರಿ ತಡೆದ, ಒಮ್ಮೆ ಇಬ್ಬರ ಕಾಲುಗಳ ನಡುವೆ ಮುಖವಿಟ್ಟು ಚೆಂಡನ್ನು ಅಪ್ಪಿಕೊಂಡ. ಆಫ್‌ಸೈಡ್ ತಿಳಿಯದ ನನಗೂ, ಅವನು ಮಾಡುತ್ತಿರುವುದು ಸಾಮಾನ್ಯ ಕೆಲಸವಲ್ಲ ಎಂದು ತಿಳಿಯಿತು. ಕೊನೆಗೂ ಗೋಲಾಗಲಿಲ್ಲ. ದೇವದುರ್ಗಕ್ಕೆ ಅಷ್ಟು ಸಾಕಾಗಿತ್ತು; ಅವರ ಜನ ಕಪ್ಪು ಎತ್ತಿಕೊಂಡು ಮೆರವಣಿಗೆ ಹೊರಟರು. ಗೋಲಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ನಾನು ಅವನ ಬಳಿ ಹೋದೆ. ಮೊಣಕೈಯ ಚರ್ಮ ಕಿತ್ತುಬಂದಿತ್ತು.

"ನಿಮ್ಮ ದೆಸಿಯಿಂದ ನನ್ನ ಪಗಾರ ಹೋತ್ರೀ," ಎಂದ, ನಾನು ಬಾಯಿ ತೆರೆಯುವ ಮೊದಲೇ.

"ಗೊತ್ತದ. ನನ್ನ ಮ್ಯಾಲ ಸಿಟ್ಟದೇನು?"

"ಅದರೀ. ಸುಳ್ಳ್ಯಾಕ ಹೇಳ್ಲಿ?" ಕೈಗವಸು ಬಿಚ್ಚಿ ನಡುವಿಗೆ ಸಿಕ್ಕಿಸಿಕೊಂಡ. ಮಾನ್ವಿಯವರು ಕೂರಬೇಕಿದ್ದ ಖಾಲಿ ಕಟ್ಟೆಯತ್ತ ಒಮ್ಮೆ ನೋಡಿದ. "ಆದ್ರ ಒಂದು ಮಾತು ಹೇಳ್ತೀನಿ. ದಿನಾ ನನ್ನ ಬೆನ್ನಿಗೆ ನಿಂತು ಅವ್ವ ಅಕ್ಕ ಅಂತ ಬೈತಿದ್ರು, ನಮ್ಮವ್ರ. ಇವತ್ತ ಯಾರೂ ಇದ್ದಿಲ್ಲ. ಬಾಲು ನೆಲಕ್ಕ ಪುಟಿಯೋ ಸಪ್ಪಳ ಕೇಳಿತ್ರೀ. ಎಲ್ಲಿ ಬರ್ತದ ಅಂತ ಕಿವಿಗೇ ತಿಳೀತಿತ್ತು."

ಬಲೆ ಬಿಚ್ಚಲು ಸ್ವಯಂಸೇವಕರು ಉಳಿದಿರಲಿಲ್ಲ. ಅವನು ಒಂದು ಕಂಬದ ಗಂಟು ಬಿಡಿಸತೊಡಗಿದ. ಇನ್ನೊಂದು ಕಂಬದ ಬಳಿ ಕಾರ್ಯದರ್ಶಿ ಆಗಲೇ ತುದಿಗಾಲಲ್ಲಿ ನಿಂತಿದ್ದರು, ಕೈ ಎಟುಕುತ್ತಿರಲಿಲ್ಲ. ನಾನು ಹೋಗಿ ಬಲೆಯ ನಡುಭಾಗ ಹಿಡಿದುಕೊಂಡೆ. ಗೋಡೆಯಾಚೆ ಯಾರೋ ರೆಫರಿಯನ್ನು ಕೋರ್ಟಿಗೆ ಎಳೆಯಬೇಕು ಎಂದು ಕೂಗುತ್ತಿದ್ದ.

"ಯಾರ್ರೀ ಅವ?" ಎಂದೆ.

"ಯಾರಾದ್ರೇನು ಬಿಡ್ರಿ," ಎಂದ ಗೋಲಿ. "ಬಲಿ ನೆಲಕ್ಕ ಬಿಡಬ್ಯಾಡ್ರಿ, ಮುಳ್ಳು ಹತ್ತತಾವ."